ನೀರಿನ ಮೇಲೆ ಮರವಿಲ್ಲ

"ಕೆಪ್ಪುಂಗೆ ಫೋನ್ ಮಾಡ್ತಾವ್ನೆ ನೋಡ್ರಲಾ, ಗ್ಯಾನೇಶ! ಅಲ್ಲಿಂದ ಅವ್ನು ಹಲೋ ಅಂತಾನೇನೋ ಕೇಳ್ರಿ," ಎಂದು ರುದ್ರೇಶ್ ತಕ್ಕಡಿಯ ಸುತ್ತ ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿ, ಅವರು ನಕ್ಕು ಮುಗಿಸುವ ತನಕ ಕಾದು, ದನಿ ಇಳಿಸದೆಯೇ ಸೇರಿಸಿದ: "ಹೋದೊರ್ಸ ಇವ್ನ ಮಾತು ಕೇಳೇ ಅಲ್ವೇನ್ಲಾ ಅವ್ನ ಕಿವಿ ಹೋಗಿದ್ದು? ಇನ್ನೂ ಹೇಳದು ಬುಟ್ಟಿಲ್ಲ ಇವ್ನು."

ಕೆರೆ ಏರಿಯ ಮೇಲೆ ಐದಾರು ಜನ ಇದ್ದರು. ಮೀನು ಕೊಳ್ಳಲು ಬಂದ ಮಾಯಸಂದ್ರದ ಹೋಟೆಲಿನವರು ಇಬ್ಬರು, ಮೀನುಗಾರರ ಸಂಘಕ್ಕೆ ಕಾರ್ಯದರ್ಶಿಯಾದ ರುದ್ರೇಶ್, ಅವನು ನಕ್ಕಾಗ ನಗುವುದಕ್ಕೆಂದೇ ಬಂದಂತಿದ್ದ ಇನ್ನಿಬ್ಬರು, ತುರುವೇಕೆರೆಯಿಂದ ಮೀನಿನ ಗಾಡಿ ತಂದು ಅದರ ಬಾಗಿಲು ತೆರೆದು ಕಾಲು ಇಳಿಬಿಟ್ಟು ಕೂತಿದ್ದ ಲಿಯಾಕತ್ ಅಲಿ. ಲಿಯಾಕತ್ ಅಲಿ ನಗಲಿಲ್ಲ. ಅದನ್ನು ಗಮನಿಸಿದ್ದಕ್ಕೆ ಜ್ಞಾನೇಶನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಯಾರು ನಕ್ಕರು, ಯಾರು ನಗಲಿಲ್ಲ ಎಂದು ನೋಡಿಕೊಳ್ಳುವ ಹೊತ್ತೇ ಇದು? ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು. ಆ ಕಡೆಯಿಂದ ಯಾರೂ ಮಾತಾಡುವುದಿಲ್ಲ ಎಂದು ಗೊತ್ತಿದ್ದೂ ಕಿವಿಗೆ ಹಿಡಿಯುವ ಅಭ್ಯಾಸ ಹೋಗಿರಲಿಲ್ಲ. ಸುಮ್ಮನೆ ಕೈಯಲ್ಲಿಟ್ಟುಕೊಂಡು ರಿಂಗು ಮಾಡಿದ್ದರೆ ಇವರಿಗೆ ನಗುವುದಕ್ಕೆ ಏನೂ ಸಿಗುತ್ತಿರಲಿಲ್ಲ. ನೀವು ಕರೆ ಮಾಡಿರುವ ಚಂದಾದಾರರು ಉತ್ತರಿಸುತ್ತಿಲ್ಲ ಎಂದು ಹೆಂಗಸಿನ ದನಿಯೊಂದು ಬಹಳ ಮರ್ಯಾದೆಯಿಂದ ಹೇಳಿತು. ಈ ಊರಿನಲ್ಲಿ ತನ್ನೊಂದಿಗೆ ಮರ್ಯಾದೆಯಿಂದ ಮಾತಾಡುವುದು ಅದೊಂದೇ ದನಿ ಅನ್ನಿಸಿ ಅದರ ಮೇಲೂ ಸಿಟ್ಟು ಬಂತು.

ಚಂದಾದಾರರು ಕೆರೆಯ ನಡುವೆ, ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ ಕೂತು ಬಲೆ ಎತ್ತುತ್ತಿದ್ದರು. ಜ್ಞಾನೇಶನ ಅಕ್ಕ ಮಂಗಳಾಳ ಗಂಡ ಕಲ್ಲೇಶ್, ಅವನ ಭಾವ. ಹೋದ ವರ್ಷದ ಭರಣಿ ಮಳೆಯಲ್ಲಿ ಇದೇ ನೀರಿನ ಮೇಲೆ, ಇದೇ ತೆಪ್ಪದ ಪಕ್ಕಕ್ಕೇ ಸಿಡಿಲು ಬಿದ್ದು, ಜೀವ ಉಳಿದು, ಎರಡೂ ಕಿವಿ ಹೋಗಿದ್ದವು. ಮೂರು ತಿಂಗಳು ಜಗಲಿಯ ಮೇಲೆ ಕೂತಿದ್ದ ಭಾವ ಒಂದು ದಿನ ಎದ್ದು ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ ಯಾರೂ ತಡೆಯಲಿಲ್ಲ. "ಮೀನೇನು ಕೂಗ್ತದಾ, ಕಿವಿ ಬೇಕು ಅನ್ನಕೆ?" ಎಂದು ಅವನು ದೊಡ್ಡ ದನಿಯಲ್ಲಿ ಕೇಳಿದ್ದ. ಆದರೆ ಗುಡುಗು ಕೂಗುತ್ತದೆ. ಗುಡುಗು ಕಿವಿಗೆ ಬಿದ್ದ ಕೂಡಲೇ ನೀರು ಬಿಟ್ಟು ಬರಬೇಕು, ಕೊನೆಯ ಗುಡುಗು ಆಗಿ ಅರ್ಧ ಗಂಟೆ ಕಳೆಯುವ ತನಕ ಮತ್ತೆ ಇಳಿಯಬಾರದು, ಅದು ಜ್ಞಾನೇಶ್ ಆಸ್ಪತ್ರೆಯಲ್ಲಿ ಕೇಳಿ ತಿಳಿದಿದ್ದು. ಹಾಗಾಗಿ ಭಾವ ನೀರಿಗೆ ಹೋದ ದಿನವೆಲ್ಲ ಅವನು ತೆಂಗಿನಕಾಯಿ ಮಂಡಿಯ ಕೆಲಸ ಬಿಟ್ಟು ಏರಿಯ ಮೇಲೆ ಬಂದು ಕೂರುತ್ತಿದ್ದ. ಭಾವನ ಅಂಗಿಯ ಒಳಗೆ ಎಡಗಡೆಗೆ ಅಕ್ಕ ಒಂದು ಜೇಬು ಹೊಲಿದುಕೊಟ್ಟಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನು ಅದರಲ್ಲಿ, ಸದ್ದಿಲ್ಲದೆ ನಡುಗುವಂತೆ ಇಟ್ಟದ್ದು. ಮೂರು ಸಲ ನಡುಗಿದರೆ, ಕೈಯಲ್ಲಿ ಏನಿದ್ದರೂ ಬಿಟ್ಟು ದಡಕ್ಕೆ. "ಎದೆ ಮ್ಯಾಲೆ ಕಪ್ಪೆ ಕುಣ್ದಂಗಾಯ್ತದೆ ಕಣ್ಲಾ," ಎಂದು ಭಾವ ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದ. ಈ ವರ್ಷ ನಾಲ್ಕು ಸಲ ಕಪ್ಪೆ ಕುಣಿದಿತ್ತು, ನಾಲ್ಕು ಸಲವೂ ಭಾವ ಬಂದಿದ್ದ. ಈಗ ಆರನೇ ಸಲ ರಿಂಗಾದರೂ ಅವನು ತಲೆ ಎತ್ತಿರಲಿಲ್ಲ.

ಮೊದಲ ಗುಡುಗು ಅವನೊಬ್ಬನಿಗೇ ಕೇಳಿಸಿತ್ತು. ಲಾರಿ ಕಣಪ್ಪ ಅದು, ಎಂದಿದ್ದ ಹೋಟೆಲಿನವನೊಬ್ಬ. ಎರಡನೆಯದಕ್ಕೆ ಮುಂಚೆ ತಿಪಟೂರಿನ ಕಡೆ, ಬಿಸಿಲು ಇನ್ನೂ ಇದ್ದ ಆಕಾಶದ ಅಂಚಿನಲ್ಲಿ, ಬೆಂಕಿಕಡ್ಡಿ ಗೀರಿದಷ್ಟು ಬೆಳಕು ಕಂಡಿತು. ಜ್ಞಾನೇಶ್ ಮನಸ್ಸಿನಲ್ಲೇ ಕಾಯಿ ಸುಲಿಯತೊಡಗಿದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚುವುದು, ಮೂರು ಸಲ ತಿರುಚುವುದು, ಸಿಪ್ಪೆ ಕಳಚಿ ಬುರುಡೆಯನ್ನು ಪಕ್ಕಕ್ಕೆಸೆಯುವುದು. ಒಂಬತ್ತನೇ ಕ್ಲಾಸು ಬಿಟ್ಟಾಗಿನಿಂದ ದಿನಕ್ಕೆ ಸಾವಿರ ಸಲ ಅದನ್ನೇ ಮಾಡಿದ ಮೈಗೆ ಅಷ್ಟು ಹೊತ್ತು ಎಷ್ಟೆಂದು ಗಡಿಯಾರಕ್ಕಿಂತ ಚೆನ್ನಾಗಿ ಗೊತ್ತು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಕಾಯಿ ಆಗಿದ್ದವು. ಈಗ ಇನ್ನೊಂದು ಮಿಂಚಿತು. ಎರಡನೆಯ ಕಾಯಿಯ ಸಿಪ್ಪೆ ಕಳಚುವಷ್ಟರಲ್ಲಿ ಸದ್ದು ಬಂತು. ಈ ಸಲ ಎಲ್ಲರಿಗೂ ಕೇಳಿಸಿ ಎಲ್ಲರೂ ಒಮ್ಮೆ ಮೇಲೆ ನೋಡಿದರು. "ಇನ್ನೂ ದೂರ ಐತೆ ಬುಡು," ಎಂದ ರುದ್ರೇಶ್. ಅವನ ಬಿಳಿ ಅಂಗಿಯ ಕುತ್ತಿಗೆಪಟ್ಟಿಯನ್ನು ನೋಡುತ್ತ ಜ್ಞಾನೇಶನ ಬಲಗೈ ತಾನಾಗಿ ಮುಷ್ಟಿಯಾಯಿತು. ಒಂದೇ ಒಂದು ಏಟು. ಆದರೆ ಆ ಕೈಯಲ್ಲಿ ಫೋನಿತ್ತು, ಅದು ಏಳನೇ ಸಲ ರಿಂಗಾಗುತ್ತಿತ್ತು, ಮತ್ತು ಹೋದ ವರ್ಷದ ಬಗ್ಗೆ ರುದ್ರೇಶ್ ಹೇಳಿದ್ದು ಸುಳ್ಳಾಗಿರಲಿಲ್ಲ.

ಸುಳ್ಳಾಗಿದ್ದರೆ ಹೊಡೆದುಬಿಡಬಹುದಿತ್ತು. ಅವತ್ತು ಜ್ಞಾನೇಶ್ ಕೆರೆಯ ಆಚೆ ದಡದಲ್ಲಿ, ತೋಟದ ಅಂಚಿನಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ. ಗಾಳಿಯೆದ್ದು ಗರಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಭಾವ ಬಲೆಯನ್ನು ಬಿಟ್ಟು, ಹುಟ್ಟು ಹಾಕುತ್ತ ದಡಕ್ಕೆ ಬರುತ್ತಿದ್ದ, ಇನ್ನು ಹತ್ತಿಪ್ಪತ್ತು ಮಾರು, ಅಷ್ಟೇ. ಆ ದಡದಲ್ಲಿ ನೀರಿಗೆ ಅಂಟಿಕೊಂಡಂತೆ ತೆಂಗಿನ ಸಾಲು, ಅದರಲ್ಲೂ ಮೂಲೆಯ ಮರ ಹಿಂದೆ ಯಾವಾಗಲೋ ಸಿಡಿಲು ಹೊಡೆದು ಸುಳಿ ಸುಟ್ಟು ಕಂಬದ ಹಾಗೆ ನಿಂತದ್ದು. ಈ ಸೀಮೆಯಲ್ಲಿ ಅಂಥ ಮರವಿಲ್ಲದ ತೋಟವಿಲ್ಲ. ಗುಡುಗಿದ್ರೆ ಮರದ ಕೆಳಗಿರಬ್ಯಾಡ, ತೋಟದಿಂದ ಆಚಿಗ್ ಬಾ: ಅವ್ವ ಇದನ್ನು ಎಷ್ಟು ಸಲ ಹೇಳಿರಬಹುದು, ಅಕ್ಕ ಎಷ್ಟು ಸಲ ಅವನ ಕೈ ಹಿಡಿದು ಬಯಲಿಗೆ ಎಳೆದುಕೊಂಡು ಓಡಿರಬಹುದು. ಮರ ಎಂದರೆ ಸಿಡಿಲು, ಸಿಡಿಲು ಎಂದರೆ ಮರ; ಇನ್ನೊಂದು ಲೆಕ್ಕ ಅವನ ತಲೆಯಲ್ಲಿ ಇರಲೇ ಇಲ್ಲ. ಸುಟ್ಟ ಮರದ ಕೆಳಕ್ಕೆ ನೇರವಾಗಿ ಬರುತ್ತಿದ್ದ ಭಾವನನ್ನು ಕಂಡ. ಇದ್ದ ಉಸಿರನ್ನೆಲ್ಲ ಎಳೆದು, ಎರಡೂ ಕೈ ಮಾಡಿ ಕೂಗಿದ: "ಇತ್ಲಾಗ್ ಬರಬ್ಯಾಡಿ ಭಾವ! ಮರ ಅವೆ! ಅಲ್ಲೇ ಇರಿ, ನಡು ನೀರಾಗೇ ಇರಿ!" ಭಾವ ಹುಟ್ಟು ನಿಲ್ಲಿಸಿದ. ಒಂದು ಕ್ಷಣ ನೋಡಿದ. ತೆಪ್ಪವನ್ನು ತಿರುಗಿಸಿದ. ಜ್ಞಾನೇಶ್ ಹುಲ್ಲಿನ ಹೊರೆ ಬಿಟ್ಟು ಬಯಲಿಗೆ ಓಡುತ್ತ, ಸದ್ಯ ಎಂದುಕೊಂಡಿದ್ದ.

ಅದನ್ನು ಅವನೇ ಎಲ್ಲರೆದುರು ಹೇಳಿದ್ದ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರಮ್ಮ, ಎಲ್ಲಿದ್ದರು ಇವರು, ಎಂದು ಕೇಳಿದಾಗ ಅರ್ಧ ಊರು ಅಲ್ಲಿತ್ತು, ರುದ್ರೇಶನೂ ಇದ್ದ. ನಾನೇ ಅಲ್ಲಿರಿ ಅಂದಿದ್ದು ಮೇಡಂ, ನೀರಿನ ಮೇಲೆ ಮರ ಇಲ್ವಲ್ಲ, ಅದಕ್ಕೇ, ಎಂದಿದ್ದ ಜ್ಞಾನೇಶ್, ತಾನೇನೋ ಬುದ್ಧಿವಂತಿಕೆ ಮಾಡಿದವನ ದನಿಯಲ್ಲಿ. ಆಕೆ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ನೀರಿನ ಮೇಲೆ ಅವರೇ ಮರ ಅಲ್ವೇನಪ್ಪ?" ಎಂದಳು. ಸುತ್ತ ಎಲ್ಲಿಯೂ ತಲೆಯೆತ್ತಿದ್ದು ಏನೂ ಇಲ್ಲದ ಕಡೆ ಕೂತ ಮನುಷ್ಯನ ತಲೆಯೇ ಎಲ್ಲಕ್ಕಿಂತ ಎತ್ತರ. ಬಯಲಿನಲ್ಲಿ ಓಡಿದೆಯಲ್ಲ, ನೀನೂ ಹಾಗೇ ಇದ್ದೆ. ಗಟ್ಟಿ ಕಟ್ಟಡದ ಒಳಗೆ ಹೋಗಬೇಕು, ಇಲ್ಲ ಮೇಲೆ ತಗಡು ಮುಚ್ಚಿದ ಕಾರಿನೊಳಗೆ ಗಾಜು ಏರಿಸಿಕೊಂಡು ಕೂರಬೇಕು. ದಡ ಸಿಗದೇ ಹೋದರೆ ತೆಪ್ಪದ ತಳದಲ್ಲಿ ಮುದುಡಿಕೊಂಡು ಕೈಯನ್ನು ನೀರಿಗೆ ತಾಗಿಸದೆ ಇರಬೇಕು. ಇದನ್ನೆಲ್ಲ ಆಕೆ ಹೇಳುತ್ತಿದ್ದಾಗ ಅವನು ಗೋಡೆ ನೋಡುತ್ತಿದ್ದ. ಸ್ಕೂಲಿನಲ್ಲಿ ಹೇಳಿಕೊಟ್ಟಿರುತ್ತಾರೆ ಅಲ್ವಾ, ಎಂದು ಕೊನೆಯಲ್ಲಿ ಆಕೆ ಸುಮ್ಮನೆ ಕೇಳಿದಳು. ಹತ್ತನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೇನೋ. ಅಕ್ಕ ಒಳಗಿನಿಂದ ಬಂದು, ಏನಂದ್ರು, ಎಂದು ಕೇಳಿದ್ದಳು. ಅವಳಿಗೂ ಅವನೇ ಹೇಳಿದ. ಅಕ್ಕ ಅವನ ತಲೆಗೂದಲಿಗೆ ಅಂಟಿದ್ದ ಹುಲ್ಲಿನ ಎಸಳನ್ನು ತೆಗೆದು ಕೆಳಗೆ ಹಾಕಿ ಒಳಗೆ ಹೋದಳು. ಅಂದಿನಿಂದ ಇಂದಿನವರೆಗೆ ಆ ವಿಷಯ ಎತ್ತಿದವಳಲ್ಲ. ಈಗ ಅವಳು ಗಂಡನ ಬೆನ್ನಿನ ಮೇಲೆ ಬೆರಳಿನಿಂದ ಅಕ್ಷರ ಬರೆದು ಮಾತಾಡುತ್ತಾಳೆ. ಊಟ. ಹಾಲು. ಜ್ವರಾನಾ? ಭಾವ ಕಣ್ಣು ಮುಚ್ಚಿಕೊಂಡು ಓದುತ್ತಾನೆ, ಬೇಕೆಂದೇ ತಪ್ಪು ಓದುತ್ತಾನೆ, ಅವಳು ಮತ್ತೆ ಬರೆಯಲಿ ಎಂದು. ಅದನ್ನು ಒಮ್ಮೆ ಬಾಗಿಲ ಸಂದಿನಿಂದ ಕಂಡು ಜ್ಞಾನೇಶ್ ಒಳಗೆ ಹೋಗದೆ ಹಾಗೇ ಹಿಂದಿರುಗಿದ್ದ.

ಬೆನ್ನು! ಹನ್ನೊಂದನೇ ರಿಂಗೂ ನಿಂತಾಗ ಏರಿಯ ಮೇಲಿನಿಂದ ಕಣ್ಣು ಕಿರಿದು ಮಾಡಿ ನೋಡಿದ. ತೆಪ್ಪದಲ್ಲಿ ಕಾಣುತ್ತಿದ್ದುದು ಕರಿಯ ಬರಿಬೆನ್ನು. ಗರಿ ಅಲುಗದ ಸೆಕೆ. ಭಾವ ಅಂಗಿ ಬಿಚ್ಚಿ ಹಾಕಿದ್ದ. ಫೋನು ತೆಪ್ಪದ ತಳದಲ್ಲಿ, ಒದ್ದೆ ಬಲೆಯ ಮೇಲೆ, ಅಂಗಿಯೊಳಗೆ, ಕಪ್ಪೆಯ ಹಾಗೆ ಒಂದೇ ಕುಣಿಯುತ್ತಿರಬೇಕು. ಜ್ಞಾನೇಶ್ ಹೆಗಲ ಮೇಲಿನ ಕೆಂಪು ಟವೆಲನ್ನು ಬೀಸಿದ. ಭಾವ ಈ ಕಡೆ ನೋಡಲಿಲ್ಲ. "ಭಾವಾ!" ಎಂದು ಕೂಗಿಯೇಬಿಟ್ಟ, ಕೂಗಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ, ಹೊಟ್ಟೆಯೊಳಗಿನಿಂದ. ಹಿಂದೆ ಮತ್ತೆ ನಗು. "ಇನ್ನೊಸಿ ಜೋರಾಗ್ ಕೂಗ್ಲಾ, ಕೇಳ್ತದೆ," ಎಂದಿತು ಒಂದು ದನಿ. ಆಗ ಅವನಿಗೆ ಭಾವ ಯಾಕೆ ಬೆನ್ನು ಮಾಡಿ ಕೂತಿದ್ದಾನೆ ಎಂದು ಹೊಳೆಯಿತು. ಕಿವಿ ಹೋದ ಮೇಲೆ ದೂರದಲ್ಲಿ ಯಾರು ನಕ್ಕರೂ ಭಾವ ಅದು ತನಗೇ ಎಂದುಕೊಳ್ಳುತ್ತಿದ್ದ. ಏರಿಯ ಮೇಲೆ ಇಷ್ಟು ಹಲ್ಲುಗಳು ಕಂಡಿರಬೇಕು, ತಿರುಗಿ ಕೂತಿರಬೇಕು. ನಗುತ್ತಿದ್ದುದು ನನಗೆ, ನಿಮಗಲ್ಲ, ಎಂದು ಅಷ್ಟು ದೂರದ ಬೆನ್ನಿನ ಮೇಲೆ ಯಾವ ಬೆರಳಿನಿಂದ ಬರೆಯುವುದು? ಮಿಂಚಿತು. ಒಂದು ಕಾಯಿ ಚುಚ್ಚಿ, ತಿರುಚಿ, ಎಸೆದು, ಇನ್ನೊಂದನ್ನು ಕೈಗೆತ್ತಿಕೊಳ್ಳುವ ಮೊದಲೇ ಸದ್ದು ಬಂತು. ಬಿಸಿಲು ಹೋಗಿತ್ತು. ನೀರು ತವೆಯ ಬಣ್ಣಕ್ಕೆ ತಿರುಗಿತ್ತು. ದಡದಲ್ಲಿ ಸಂಘದ ಇನ್ನೊಂದು ತೆಪ್ಪ ಬೋರಲು ಬಿದ್ದಿತ್ತು. ಅದನ್ನು ಹತ್ತಿ ಹೋದರೆ ನೀರಿನ ಮೇಲೆ ಒಂದು ಮರದ ಬದಲು ಎರಡು.

ಅದರ ಪಕ್ಕದಲ್ಲೇ ಗೂಟ. ಗೂಟಕ್ಕೆ ಬಲೆಯ ಹಗ್ಗ. ಬಲೆಯ ಒಂದು ತುದಿಯನ್ನು ದಡದ ಗೂಟಕ್ಕೆ ಕಟ್ಟಿ, ಉದ್ದಕ್ಕೆ ಬಿಡುತ್ತ ಕೆರೆಯ ನಡುವಿನ ತನಕ ಹೋಗಿ, ಆಮೇಲೆ ಆ ತುದಿಯಿಂದ ಎತ್ತುತ್ತ ಬರುವುದು ಭಾವನ ಕ್ರಮ. ಖಾಲಿ ನೀರಿನ ಬಾಟಲಿಗಳು ಸಾಲಾಗಿ ತೇಲುತ್ತ, ಗೂಟದಿಂದ ಭಾವನ ಕೈಯ ತನಕ ಹೋಗಿದ್ದವು. ಒಬ್ಬ ಎತ್ತುತ್ತಿರುವ ಬಲೆಗೆ ಇನ್ನೊಬ್ಬ ಕೈ ಹಾಕುವುದಿಲ್ಲ. ಉಣ್ಣುವವನ ತಟ್ಟೆಗೆ ಕೈ ಹಾಕಿದಂತೆ ಅದು. ಎಳೆದರೆ ಬಲೆಯ ಕಣ್ಣು ಹರಿಯುತ್ತದೆ, ಸಿಕ್ಕಿದ ಮೀನು ಹೋಗುತ್ತದೆ, ಎಳೆದವನನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ. ಜ್ಞಾನೇಶ್ ಏರಿಯ ಕಲ್ಲುಗಳ ಮೇಲಿಂದ ಜಾರುತ್ತ ಇಳಿದು ಹಗ್ಗಕ್ಕೆ ಕೈ ಹಾಕಿದ. "ಲೇ, ಲೇ! ಬಲೆ ಮುಟ್ಬ್ಯಾಡ ಕಣ್ಲಾ! ಹುಚ್ಚೇನ್ಲಾ ನಿಂಗೆ?" ಎಂದು ರುದ್ರೇಶ್ ಈಗ ನಿಜವಾಗಿಯೂ ಗಾಬರಿಯಿಂದ ಕೂಗಿದ. ಹಗ್ಗ ಸಡಿಲವಾಗಿತ್ತು. ಎಳೆದಷ್ಟೂ ಸುಮ್ಮನೆ ಬಂತು, ಪಾಚಿ, ಬಾಟಲಿ, ಒಂದು ಜಿಲೇಬಿ ಮೀನು, ಮತ್ತೆ ಬಾಟಲಿ. ಮಾರು ಮಾರು ಎಳೆದು ಕಾಲ ಬಳಿ ಗುಡ್ಡೆ ಹಾಕಿದ. ಕಾಲು ಕಣಕಾಲಿನ ತನಕ ನೀರಿನಲ್ಲಿ, ಕೈಯಲ್ಲಿ ಒದ್ದೆ ಹಗ್ಗ, ತಲೆಯ ಮೇಲೆ ಮೋಡ. ಮಾಡಬಾರದೆಂದು ಯಾರಿಗೆ ಏನೇನು ಹೇಳುತ್ತಿದ್ದೆನೋ ಅದೆಲ್ಲವನ್ನೂ ಒಟ್ಟಿಗೆ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಇದ್ದಕ್ಕಿದ್ದಂತೆ ಹಗ್ಗ ಭಾರವಾಯಿತು. ಆ ತುದಿಯಲ್ಲಿ ಒಂದು ಕೈ ಇತ್ತು. ಅಷ್ಟು ದೂರದ ಭಾವನ ಕೈ ಎಷ್ಟು ಬಿಗಿಯಾಗಿದೆ ಎಂಬುದು ಅವನ ಅಂಗೈಗೆ ತಿಳಿಯಿತು.

ಎಳೆದ. ಭಾವ ಬೆಚ್ಚಿ, ದೊಡ್ಡ ಕಾಟ್ಲಾ ಮೀನು ಬಿತ್ತೆಂದುಕೊಂಡು, ಸಂತೋಷದಿಂದ ತೆಪ್ಪದ ಅಂಚಿಗೆ ಬಗ್ಗಿ ಎರಡೂ ಕೈಯನ್ನು ನೀರಿಗೆ ಹಾಕಿದ. "ಅಯ್ಯೋ ಮೀನಲ್ಲ ಭಾವ, ನಾನು!" ಎಂದು ಜ್ಞಾನೇಶ್ ಅಳುವಂತೆ ಹೇಳಿದ, ಯಾರಿಗೂ ಕೇಳದಷ್ಟು ಮೆಲ್ಲಗೆ. ಮೀನು ಹೇಗೆ ಎಳೆಯುತ್ತದೆ? ಹೇಗೆ ಬೇಕೋ ಹಾಗೆ. ಮನುಷ್ಯ ಹೇಗೆ ಎಳೆಯುತ್ತಾನೆ? ಮೂರು ಸಲ ಎಳೆದು ನಿಲ್ಲಿಸಿದ. ಮತ್ತೆ ಮೂರು ಸಲ. ನಿಲ್ಲಿಸಿದ. ಮತ್ತೆ ಮೂರು. ಬರಿಬೆನ್ನು ಅಲುಗದೆ ನಿಂತಿತು. ಆಮೇಲೆ ನಿಧಾನವಾಗಿ, ಬೆನ್ನಿನ ಮೇಲೆ ಬರೆದದ್ದನ್ನು ಓದುವವನ ಹಾಗೆ, ಭಾವ ಕತ್ತು ತಿರುಗಿಸಿ ಹಗ್ಗದ ಗುಂಟ ನೋಡುತ್ತ ನೋಡುತ್ತ ದಡದ ತನಕ ಬಂದು ಅವನನ್ನು ಕಂಡ. ಮೇಲೆ ನೋಡಿದ. ಹುಟ್ಟಿಗೆ ಕೈ ಹಾಕಲು ಹೋಗಿ, ಬಿಟ್ಟು, ಹಗ್ಗವನ್ನು ತೆಪ್ಪದ ಅಡ್ಡಪಟ್ಟಿಗೆ ಎರಡು ಸುತ್ತು ಸುತ್ತಿ, ತಳದಲ್ಲಿ ಮಗುವಿನ ಹಾಗೆ ಮುದುಡಿಕೊಂಡ. ಎಳಿ, ಎಂದು ಅದರ ಅರ್ಥ. ಜ್ಞಾನೇಶ್ ಎಳೆದ. ನೈಲಾನು ಅಂಗೈಯನ್ನು ಕುಯ್ದುಕೊಂಡು ಜಾರಿತು. ದಿನಕ್ಕೆ ಸಾವಿರ ಕಾಯಿಯಿಂದ ಕಲ್ಲಾದ ಚರ್ಮವೂ ತಡೆಯಲಿಲ್ಲ. ಬಲೆ ಕೆರೆಯ ತಳದ ಯಾವುದೋ ಬೊಡ್ಡೆಗೆ ಸಿಕ್ಕಿ ಚರ್ರನೆ ಹರಿಯಿತು, ಹಗ್ಗ ಮಾತ್ರ ಉಳಿಯಿತು. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಲಿಯಾಕತ್ ಅಲಿ, ಪ್ಯಾಂಟು ಮಡಿಸುವುದಕ್ಕೂ ನಿಲ್ಲದೆ, ಹಗ್ಗಕ್ಕೆ ಕೈ ಕೊಟ್ಟಿದ್ದ. "ಖೀಂಚ್, ಭಾಯಿ, ಎಳಿ! ಬೈದ್ರೆ ಬೈಕೊಳ್ಳಿ, ಎಳಿ!" ಒಂದು ಮಿಂಚಿಗೆ ಕೆರೆ ಪೂರ್ತಿ ಬೆಳ್ಳಗಾಯಿತು, ಕಾಯಿಯನ್ನು ಚುಚ್ಚುವ ಹೊತ್ತೂ ಸಿಗಲಿಲ್ಲ. ಏರಿಯ ಮೇಲಿದ್ದವರು ಸಂಘದ ತಾರಸಿ ಕೋಣೆಗೆ ಓಡಿದರು. ರುದ್ರೇಶ್ ಮಾತ್ರ, ತಾನು ಹೆದರಿಲ್ಲವೆಂದು ತೋರಿಸುವುದಕ್ಕೆ, ನಿಧಾನವಾಗಿ ನಡೆದು ಹೋದ.

ತೆಪ್ಪ ದಡಕ್ಕೆ ತಾಗಿದ್ದೇ ಲಿಯಾಕತ್ ಅಲಿಯ ಗಾಡಿಗೆ ಓಡಿದರು. ಮುಂದಿನ ಸೀಟಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೂವರೂ ತುರುಕಿಕೊಂಡು ಕೂತು ಗಾಜು ಏರಿಸಿದರು. ಮಳೆ ಗಾಡಿಯ ತಗಡಿನ ಮೇಲೆ ಕಾಯಿ ಸುರಿದಂತೆ ಬಿತ್ತು. ಭಾವನ ಮೈಯಿಂದ ಮೀನು, ಪಾಚಿ, ಬೆವರು ಎಲ್ಲ ಸೇರಿದ ವಾಸನೆ. ಒದ್ದೆ ತೊಡೆ ಜ್ಞಾನೇಶನ ತೊಡೆಗೆ ಒತ್ತಿಕೊಂಡು ಬಿಸಿಯಾಗಿತ್ತು. ಬದುಕಿರುವವರ ಮೈ ಹೀಗೆ ಬಿಸಿಯಿರುತ್ತದೆ ಎಂಬ ಸಾಮಾನ್ಯ ವಿಷಯ ಅವನಿಗೆ ಈಗ ತಿಳಿಯಿತು. ಬೈಯಬೇಕೆಂದಿದ್ದ. ಅಂಗಿ ಯಾಕೆ ಬಿಚ್ಚಿದ್ರಿ, ನಿಮಗೆ ಬುದ್ಧಿ ಇಲ್ವಾ, ಅಕ್ಕಂಗೆ ನಾನೇನು ಹೇಳ್ಲಿ. ಒಂದು ವರ್ಷದಿಂದ ಒಳಗೆ ಕುದಿಯುತ್ತಿದ್ದುದನ್ನೆಲ್ಲ ಮುಖದ ಎದುರು ಕೂಗಬೇಕೆಂದಿದ್ದ. ಕಿವುಡನಿಗೆ ಕೂಗಿ ಬೈದರೂ ಮುಖ ಕೆಟ್ಟದಾಗಿ ಕಾಣುವುದು ಬಿಟ್ಟು ಬೇರೇನೂ ಆಗುವುದಿಲ್ಲ. ಭಾವ ಸೀಟಿನ ಮೇಲೆ ಅಂಗೈ ಊರಿ ಏನನ್ನೋ ಕಾಯುತ್ತಿದ್ದ. ಮಿಂಚಿತು. ಸೀಟು ಅದುರಿತು. "ಬಂತು!" ಎಂದ ಭಾವ, ಮುಖವರಳಿಸಿ. ಮತ್ತೆ ಅದುರಿತು. "ಬಂತು! ಇದು ಮದ್ಲಿಂದಕ್ಕಿಂತ ದೊಡ್ದು, ಅಲ್ವಾ ಸಾಬ್ರೆ?" ಲಿಯಾಕತ್ ಅಲಿ ತಲೆ ಆಡಿಸಿ, ಎರಡು ಕೈಯಲ್ಲೂ ಇಷ್ಟು ದೊಡ್ಡದು ಎಂದು ತೋರಿಸಿದ. ಒಂದು ವರ್ಷದ ಮ್ಯಾಲೆ ಗುಡುಗು ಸಿಕ್ತು ನಂಗೆ, ಎಂದು ಭಾವ ನಕ್ಕ. ಅವನು ಜ್ಞಾನೇಶನ ಕೈಯನ್ನು ಎಳೆದುಕೊಂಡು, ಹರಿದ ಅಂಗೈಯನ್ನು ಬಿಡಿಸಿ ನೋಡಿ, ತನ್ನ ಅಂಗಿಯಿಂದ ಮೆಲ್ಲಗೆ ಒತ್ತಿದ. ಒಳಜೇಬಿನ ಫೋನು ಅಂಗೈಗೆ ತಾಗಿತು. ಅದರಲ್ಲಿ ಅವನದೇ ಹನ್ನೊಂದು ಕರೆಗಳಿದ್ದವು.

ಅದುರುವುದು ದೂರವಾಯಿತು, ಆಮೇಲೆ ನಿಂತಿತು. ಲಿಯಾಕತ್ ಅಲಿ ಗಾಡಿಯ ಗಡಿಯಾರ ತೋರಿಸಿ ಅರ್ಧ ಗಂಟೆ ಎಂದ. ಅರ್ಧ ಗಂಟೆ ಕೂತರು. ಮಳೆ ತೆಳುವಾಗಿ, ಕೋಣೆಯಿಂದ ಒಬ್ಬೊಬ್ಬರೇ ಹೊರಬಂದರು. ಲಿಯಾಕತ್ ಅಲಿ ಇಳಿದು ಮೀನಿನ ಪೆಟ್ಟಿಗೆ ಸರಿಮಾಡತೊಡಗಿದ. ರುದ್ರೇಶ್ ದಡಕ್ಕೆ ಹೋಗಿ, ಗುಡ್ಡೆಬಿದ್ದ ಬಲೆಯನ್ನು ಕಾಲಿನಿಂದ ಒಮ್ಮೆ ಬಿಡಿಸಿ ನೋಡಿ, ಆಕಾಶ ನೋಡಿ, ಆಚೆ ದಡದ ತೋಟವನ್ನು ಈ ಕೊನೆಯಿಂದ ಆ ಕೊನೆಯ ತನಕ ನೋಡಿದ. "ಎಲ್ಲಪ್ಪ ಬಿತ್ತು ನಿನ್ ಸಿಡ್ಲು? ಒಂದ್ ಗರಿನೂ ಕರ್ಕಾಗಿಲ್ವಲ್ಲ. ಬಲೆ ಮಾತ್ರ ಹರ್ದೋಯ್ತು." ಹೌದು, ಎಲ್ಲೂ ಬಿದ್ದಿರಲಿಲ್ಲ. ಕೆರೆ ತೊಳೆದಿಟ್ಟ ಹಾಗೆ ಸುಮ್ಮನಿತ್ತು. ಬೀಳಬಹುದಾಗಿದ್ದ ಜಾಗವನ್ನು ಯಾರಿಗೂ ತೋರಿಸಲು ಬರುವುದಿಲ್ಲ. "ಬೀಳ್ಲಿಲ್ಲ ಅಂತ ಬೇಜಾರಾ ರುದ್ರೇಶಣ್ಣ?" ಎಂದು ಲಿಯಾಕತ್ ಅಲಿ ಪೆಟ್ಟಿಗೆಯಿಂದ ತಲೆ ಎತ್ತದೆ ಕೇಳಿದ. ಹೋಟೆಲಿನವನೊಬ್ಬ ನಕ್ಕ. ಜ್ಞಾನೇಶನಿಗೆ ಅಚ್ಚರಿಯಾಗುವಂತೆ, ಅವನ ಮುಷ್ಟಿ ಬಿಗಿಯಾಗಲಿಲ್ಲ. ಬೇಕಾದರೆ ಇನ್ನಷ್ಟು ಅನ್ನಲಿ. ಪಕ್ಕದಲ್ಲಿ ಭಾವನಿದ್ದ.

ಭಾವ ಗಾಜಿನಾಚೆಗೆ ರುದ್ರೇಶನ ಬಾಯಿಯನ್ನೇ ನೋಡುತ್ತಿದ್ದ. "ಏನೋ ಅಂತಾವ್ನೆ ನಿಂಗೆ," ಎಂದ. "ಕಿವಿ ಹೋದ್ಮ್ಯಾಲೆ ಬಾಯಿ ಓದದು ಒಸಿ ಒಸಿ ಬತ್ತದೆ ಕಣ್ಲಾ. ಎಲ್ರೂ ನಿನ್ನೇ ಅಂತರೆ, ನಂಗೊತ್ತು." ಆಮೇಲೆ, ತನ್ನ ದನಿ ಎಷ್ಟು ದೊಡ್ಡದೆಂದು ತನಗೇ ತಿಳಿಯದೆ, ಗಾಡಿಯ ತೆರೆದ ಬಾಗಿಲಿನಿಂದ ಏರಿಯ ಮೇಲಿನವರಿಗೆಲ್ಲ ಕೇಳುವಂತೆ ಹೇಳತೊಡಗಿದ: "ಲೇ ಗ್ಯಾನ, ಒಂದೊರ್ಸದಿಂದ ಕೇಳ್ಬೇಕು ಅನ್ಕತಾವ್ನಿ. ಅವತ್ತು ನೀನ್ ಕೂಗಿದ್ದು ಒಂದೂ ನಂಗೆ ಕೇಳಿಸ್ಲಿಲ್ಲ. ಗಾಳಿ ಹಂಗಿತ್ತು. ಕೈ ಮಾಡಿದ್ದು ಕಂಡ್ತು, ಅಷ್ಟೇಯ. ನೀನು ಬನ್ನಿ ಬನ್ನಿ ಅಂತ ಕರ್ದಿದೀಯ, ನಾನೇ ಬರಬ್ಯಾಡ ಅಂತಾವ್ನೆ ಅಂತ ತಪ್ ತಿಳ್ಕಂಡು ತೆಪ್ಪ ತಿರುಗಿಸ್ದೆ. ಹಂಗೇ ಅಲ್ವೇನ್ಲಾ ಆಗಿದ್ದು? ಇವತ್ತು ಕರ್ದಂಗೇ ಅವತ್ತೂ ಕರ್ದಿದೀಯ. ತಪ್ಪು ನಂದು. ನಿಮ್ಮಕ್ಕಂಗೂ ಅದ್ನೇ ಹೇಳಿವ್ನಿ. ಈ ನನ್ ಮಕ್ಳು ಸುಮ್ಕೆ ನಿನ್ ಅಂತರೆ."

ಜ್ಞಾನೇಶ್ ಹೇಳಿದ್ದನ್ನು ಆಸ್ಪತ್ರೆಯಲ್ಲಿ ಕೇಳಿದವರು ಹೊರಗೆ ಮೂವರಿದ್ದರು. ರುದ್ರೇಶ್ ಬಾಯಿ ತೆರೆದು, ಯಾಕೋ ಏನೋ, ಮುಚ್ಚಿಕೊಂಡ. ಒಂದು ವರ್ಷದಿಂದ ಅಕ್ಕ ಇದನ್ನು ಕೇಳಿಸಿಕೊಂಡು, ಗಂಡನ ಬೆನ್ನಿನ ಮೇಲೆ ಊಟ, ಹಾಲು ಎಂದು ಬರೆಯುತ್ತ, ನಿಜವೊಂದನ್ನು ಬರೆಯದೆ ಉಳಿದಿದ್ದಳು. "ಬಾಯಲ್ಲಿ ಹೇಳ್ಬ್ಯಾಡ, ನಂಗ್ ತಿಳಿಯಾಕಿಲ್ಲ," ಎಂದ ಭಾವ. "ಕೈಯಲ್ಲೇ ತೋರ್ಸು. ಅವತ್ತು ಹೆಂಗ್ ಮಾಡಿದ್ದೆ ಹಂಗೆ. ಕರೆದಿದ್ದು ತಾನೇ?" ಜ್ಞಾನೇಶನ ಕೈಗಳು ತೊಡೆಯ ಮೇಲೆ ಅಂಗಿಯೊಳಗೆ ಸುತ್ತಿಕೊಂಡು ಕೂತಿದ್ದವು. ಬೆರಳುಗಳನ್ನು ಒಳಕ್ಕೆ ಮಡಿಸಿದರೆ ಬಾ ಎಂದು. ಅಂಗೈಯನ್ನು ಹೊರಕ್ಕೆ ಮಾಡಿ ತಳ್ಳಿದರೆ ಅಲ್ಲೇ ಇರು ಎಂದು. ಅವತ್ತು ಎರಡೂ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಗೋಡೆಯನ್ನು ತಳ್ಳುವವನ ಹಾಗೆ ತಳ್ಳಿದ್ದ. ಭಾವ ಸರಿಯಾಗಿಯೇ ತಿಳಿದಿದ್ದ, ಹೇಳಿದ ಹಾಗೆ ಮಾಡಿದ್ದ. ಈಗ ನಾಲ್ಕು ಬೆರಳು ಒಂದಿಷ್ಟು ಒಳಕ್ಕೆ ಬಾಗಿದರೆ ಸಾಕು, ಇಬ್ಬರಿಗೂ ನೆಮ್ಮದಿ. ತಾನು ಬಿಡುಗಡೆ, ಮತ್ತು ಭಾವ ಉಳಿದ ಆಯುಷ್ಯವೆಲ್ಲ ತನ್ನ ಕಿವಿ ತನ್ನ ತಪ್ಪಿನಿಂದ ಹೋಯಿತೆಂದುಕೊಂಡು ಇವನನ್ನೇ ಸಮಾಧಾನ ಮಾಡುತ್ತಿರುತ್ತಾನೆ. ಭಾವ ಅವನ ಕೈಯನ್ನೇ ನೋಡುತ್ತಿದ್ದ, ಪ್ರೀತಿಯಿಂದ, ಉತ್ತರ ಮೊದಲೇ ಗೊತ್ತಿರುವವನ ಹಾಗೆ.

ಜ್ಞಾನೇಶ್ ಅಂಗಿಯನ್ನು ಮಡಿಸಿ ಭಾವನ ತೊಡೆಯ ಮೇಲಿಟ್ಟು ಗಾಡಿಯಿಂದ ಇಳಿದ. ಕೆರೆ ಏರಿ ಊರಿನ ತನಕ ನೇರವಾಗಿತ್ತು, ಎಲ್ಲೂ ತಿರುವಿಲ್ಲ, ಮರೆಯಿಲ್ಲ. ನಡೆಯುವವನ ಬೆನ್ನು ಬಹಳ ದೂರದ ತನಕ ಕಾಣುತ್ತದೆ. "ಲೇ ಗ್ಯಾನಾ!" ಎಂದು ಭಾವನ ದೊಡ್ಡ ದನಿ ಹಿಂದಿನಿಂದ ಬಂತು. "ಹೋಗ್ಲಿ ಬುಡು, ನಾಳಿಕ್ ಹೇಳಿವಂತೆ!" ನಡೆದರೆ ಕೈ ಬೀಸುತ್ತದೆ, ಮುಂದಕ್ಕೆ ಹೋದದ್ದು ಹಿಂದಕ್ಕೆ ಬರುತ್ತದೆ, ಅಷ್ಟರಲ್ಲೇ ಭಾವ ಏನನ್ನಾದರೂ ಓದಿಬಿಡಬಹುದು. ಎರಡೂ ಕೈಯನ್ನು ಕಂಕುಳಲ್ಲಿ ಬಿಗಿಯಾಗಿ ಒತ್ತಿಕೊಂಡು, ಮಳೆನೀರು ನಿಂತ ಏರಿಯ ಮೇಲೆ ಅವನು ನಡೆದು ಹೋದ.